ಗಾಡಿ ನಿಲ್ಲಿಸದವರಿಗೆ ಶಿಕ್ಷೆ ಕೊಡಬೇಕಾ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರು, ಪಾತ್ರೆ ತೊಳೀತಾ ಸ್ಪೀಕರ್‌ನಲ್ಲಿ ಕೇಳ್ತಿರೋರು, ಎಲ್ಲರೂ ಕೇಳಿ. ಗಾಡಿ ಓಡಿಸ್ತಾ ಕೇಳ್ತಿರೋರು ಮಾತ್ರ ದಯವಿಟ್ಟು ಇಲ್ಲಿಗೇ ನಿಲ್ಲಿಸಿ, ಮನೆ ತಲುಪಿದ ಮೇಲೆ ಕೇಳಿ. ಇವತ್ತಿನ ವಿಷಯ ರಸ್ತೆಯದ್ದೇ.

ಕಾನೂನಿಗೆ ಬರೋ ಮುಂಚೆ ನನ್ನದೇ ಒಂದು ವಿಷಯ ಹೇಳಿಬಿಡ್ತೀನಿ. ಎರಡು ವರ್ಷದ ಹಿಂದಿನ ಮಾತು. ನಮ್ಮ ಕಡೆ ರಾಗಿ ಒಕ್ಕಣೆ ನಡೀತಿದ್ದ ಕಾಲ. ಬೆಂಗಳೂರಿಂದ ಸ್ಕೂಟರ್‌ನಲ್ಲಿ ಕುದೂರಿಗೆ ವಾಪಸ್ ಬರ್ತಿದ್ದೆ. ಹೆದ್ದಾರಿ ಬಿಟ್ಟು ಊರಿನ ರಸ್ತೆಗೆ ತಿರುಗಿದ ಮೇಲೆ ಒಂದು ತಿರುವಿನಲ್ಲಿ ಟಿವಿಎಸ್ ಎಕ್ಸೆಲ್ ಒಂದು ಅಡ್ಡ ಬಿದ್ದಿತ್ತು. ರಾತ್ರಿ ಒಂಬತ್ತೂವರೆ ಇರಬಹುದು. ಒಬ್ಬರು ರಸ್ತೆ ಅಂಚಿನಲ್ಲಿ ಬಿದ್ದಿದ್ದರು. ಅವರ ಬಲಗಾಲು ಕಾಲು ಹೇಗಿರಬೇಕೋ ಹಾಗಿರಲಿಲ್ಲ. ಪಕ್ಕದಲ್ಲಿ ಒಂದು ರಾಗಿ ಮೂಟೆ. ಸುತ್ತ ಐದಾರು ಜನ, ಎರಡು ಬೈಕ್‌ಗಳ ಹೆಡ್‌ಲೈಟ್. ಒಬ್ಬ ಫೋನ್ ಎತ್ತಿ ಹಿಡಿದಿದ್ದ. ಟಾರ್ಚ್ ಹಾಕಿದ್ನೋ, ವಿಡಿಯೊ ಮಾಡ್ತಿದ್ನೋ ಗೊತ್ತಾಗಲಿಲ್ಲ. ನಾನು ಬ್ರೇಕ್ ಹಿಡಿದೆ, ಒಂದು ಕಾಲು ನೆಲಕ್ಕೂರಿದೆ, ನೋಡಿದೆ. ಇಷ್ಟು ಜನ ಇದ್ದಾರೆ, ಯಾರಾದ್ರೂ 108ಕ್ಕೆ ಫೋನ್ ಮಾಡಿರ್ತಾರೆ ಅಂದ್ಕೊಂಡೆ. ಹೊರಟೆ. ಎಲ್ಲಾ ಸೇರಿ ಹತ್ತು ಸೆಕೆಂಡು.

ಮರುದಿನ ಬೆಳಗ್ಗೆ ಹೋಟೆಲ್ ಹತ್ರ ಗೊತ್ತಾಯ್ತು. ಯಾರೂ ಮಾಡಿರಲಿಲ್ಲ. ಅರ್ಧ ಗಂಟೆ ಆದ ಮೇಲೆ ಆ ದಾರಿಯಲ್ಲಿ ಬಂದ ಹಾಲಿನ ಟೆಂಪೊ ಡ್ರೈವರ್ ಕೆಳಗಿಳಿದು, "ಆಂಬುಲೆನ್ಸ್‌ಗೆ ಯಾರ್ ಮಾಡಿದ್ದೀರಾ?" ಅಂತ ಕೇಳಿದಾಗಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದಂತೆ.

ಬಿದ್ದವರು ಬದುಕಿದರು. ಕಾಲಿಗೆ ರಾಡ್ ಹಾಕಿದ್ದಾರೆ. ಕುಂಟುತ್ತಾರೆ. ಹೊಲದ ಕೆಲಸ ಆಗಲ್ಲ ಅಂತ ಈಗ ಪೇಟೆಯಲ್ಲಿ ಸೊಪ್ಪು ಮಾರ್ತಾರೆ. ಅಮ್ಮ ಅವರ ಹತ್ರಾನೇ ಸೊಪ್ಪು ತರೋದು. ನಾನೂ ಎಷ್ಟೋ ಸಲ ತಂದಿದ್ದೀನಿ, ಚೌಕಾಸಿ ಮಾಡದೆ.

ಹಾಗಾಗಿ ಈ ಸಂಚಿಕೆ ಶುರು ಮಾಡುವಾಗ ನನ್ನ ಉತ್ತರ ರೆಡಿ ಇತ್ತು. ಅಪಾಯದಲ್ಲಿರೋರಿಗೆ ಸಹಾಯ ಮಾಡದೆ ಹೋಗೋದನ್ನ ಅಪರಾಧ ಮಾಡಬೇಕು. ಹೆಲ್ಮೆಟ್ ಹಾಕದಿದ್ರೆ ದಂಡ ಇದೆ, ಮನುಷ್ಯನನ್ನ ರಸ್ತೆಯಲ್ಲಿ ಬಿಟ್ಟು ಹೋದ್ರೆ ಇಲ್ವಾ? ಕಾನೂನು ಇದ್ದಿದ್ರೆ ನಾನು ಇಳೀತಿದ್ದೆ ಅಂತ ನಂಬಿದ್ದೆ. ಮೂರು ವಾರ ಓದಿ, ನಾಲ್ಕು ಜನರ ಹತ್ರ ಮಾತಾಡಿದ ಮೇಲೆ ಆ ಉತ್ತರ ಅಷ್ಟು ಗಟ್ಟಿಯಾಗಿ ಉಳಿದಿಲ್ಲ. ಯಾಕೆ ಅಂತ ಹೇಳ್ತೀನಿ.

ಮೊದಲು ನಮ್ಮ ದೇಶದ ಕಾನೂನು ಏನನ್ನುತ್ತೆ ನೋಡೋಣ. ನೀವು ದಾರಿಹೋಕರು. ಕಣ್ಣೆದುರೇ ಒಬ್ಬರು ಕೆರೆಯಲ್ಲಿ ಮುಳುಗ್ತಿದ್ದಾರೆ. ನಿಮಗೆ ಈಜು ಬರುತ್ತೆ. ಸುಮ್ಮನೆ ನಿಂತು ನೋಡಿದ್ರಿ. ಕಾನೂನಿನ ಪ್ರಕಾರ ನೀವು ಯಾವ ಅಪರಾಧವನ್ನೂ ಮಾಡಿಲ್ಲ.

ಇದು ಯಾರೋ ಮರೆತು ಬಿಟ್ಟ ಜಾಗ ಅಲ್ಲ, ಯೋಚನೆ ಮಾಡಿಯೇ ಬಿಟ್ಟದ್ದು. 1837ರಲ್ಲಿ ಮೆಕಾಲೆ ನೇತೃತ್ವದ ಆಯೋಗ ನಮ್ಮ ದಂಡ ಸಂಹಿತೆಯ ಕರಡು ಬರೆದಾಗ ಇದೇ ಪ್ರಶ್ನೆ ಬಂದಿತ್ತು. ಕರಡಿನ ಜೊತೆಗಿನ ಟಿಪ್ಪಣಿಯಲ್ಲಿ ಒಂದು ಉದಾಹರಣೆ ಇದೆ. ಹೊಳೆ ತುಂಬಿ ಹರೀತಿದೆ. ಒಬ್ಬ ಪ್ರಯಾಣಿಕ ದಾಟೋಕೆ ಹೊರಟಿದ್ದಾನೆ. ಅಪಾಯ ಗೊತ್ತಿದ್ದವನೊಬ್ಬ ಬಾಯಿ ಬಿಡಲಿಲ್ಲ. ಪ್ರಯಾಣಿಕ ಸತ್ತ. ಸುಮ್ಮನಿದ್ದವನು ಎಚ್ಚರಿಸೋಕೆ ಅಂತಲೇ ಸರ್ಕಾರ ನೇಮಿಸಿದ ಜವಾನನಾಗಿದ್ರೆ ಅದು ಕೊಲೆ. ಕರೆದುಕೊಂಡು ಹೋಗ್ತೀನಿ ಅಂತ ಒಪ್ಪಿಕೊಂಡ ಮಾರ್ಗದರ್ಶಿಯಾಗಿದ್ರೂ ಕೊಲೆ. ಬರೀ ಮನುಷ್ಯ ಅನ್ನೋ ಸಂಬಂಧ ಬಿಟ್ಟು ಬೇರೇನೂ ಇಲ್ಲದವನಾಗಿದ್ರೆ ಕೊಲೆ ಅಲ್ಲ.

ಇನ್ನೊಂದು ಉದಾಹರಣೆ ವೈದ್ಯರದ್ದು. ಇಡೀ ದೇಶದಲ್ಲಿ ಒಬ್ಬನೇ ಒಬ್ಬ ಸರ್ಜನ್ ಮಾತ್ರ ಮಾಡಬಲ್ಲ ಶಸ್ತ್ರಚಿಕಿತ್ಸೆ ಇದೆ, ಆದರೆ ಅದಕ್ಕಾಗಿ ಆತ ಕಲ್ಕತ್ತಾದಿಂದ ಮೀರತ್‌ಗೆ ಹೋಗಬೇಕು. ಹೋಗಲ್ಲ ಅಂದ್ರೆ ಕೊಲೆಗಾರ ಅನ್ನೋಕಾಗುತ್ತಾ? ಗೆರೆ ಎಲ್ಲಿ ಎಳೆಯೋದು ಅನ್ನೋದೇ ಮೆಕಾಲೆಯ ತಕರಾರು. ಕೆಟ್ಟದ್ದು ಮಾಡದಂತೆ ತಡೆಯೋದು ದಂಡ ಸಂಹಿತೆಯ ಕೆಲಸ, ಒಳ್ಳೆಯದು ಮಾಡಿಸೋದನ್ನ ಧರ್ಮಕ್ಕೂ ಸಮಾಜಕ್ಕೂ ಬಿಡೋಣ ಅಂತ ತೀರ್ಮಾನಿಸಿದ. 1860ರ ಐಪಿಸಿ ಅದನ್ನೇ ಹಿಡಿಯಿತು. 2024ರ ಜುಲೈ 1ಕ್ಕೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಹೆಸರು ಬದಲಾಯ್ತು, ಈ ವಿಷಯ ಅಲ್ಲೇ ಇದೆ.

ಅಂದ್ರೆ ಯಾರಿಗೂ ಕರ್ತವ್ಯ ಇಲ್ಲ ಅಂತಲ್ಲ. ಅಪಘಾತದಲ್ಲಿ ಸಿಕ್ಕಿದ ವಾಹನದ ಚಾಲಕನಿಗೆ ಇದೆ. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ಗಾಯಗೊಂಡವರಿಗೆ ಚಿಕಿತ್ಸೆ ಸಿಗೋ ಹಾಗೆ ಆತ ನೋಡಿಕೊಳ್ಳಲೇಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದೇ ಸೆಕ್ಷನ್‌ನಲ್ಲಿ ಒಂದು ವಿನಾಯಿತಿಯೂ ಇದೆ. ಜನ ರೊಚ್ಚಿಗೆದ್ದು ಹೊಡೆಯೋಕೆ ಬಂದಾಗ ನಿಲ್ಲೋದು ಸಾಧ್ಯವಿಲ್ಲ ಅಂತಾದ್ರೆ ಹೋಗಬಹುದು. ಸುತ್ತ ನಿಂತ ಜನ ಎತ್ತೋದಕ್ಕಿಂತ ಮೊದಲು ಹೊಡೀತಾರೆ ಅನ್ನೋದನ್ನ ಕಾನೂನೇ ಒಪ್ಪಿಕೊಂಡ ಹಾಗಾಯ್ತು. ಆಸ್ಪತ್ರೆಗಳಿಗೂ ಕರ್ತವ್ಯ ಇದೆ. ಪೊಲೀಸ್ ಕೇಸ್ ಆಮೇಲೆ, ಜೀವ ಮೊದಲು ಅಂತ ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1989ರಲ್ಲೇ.

ಉಳಿದದ್ದು ನಾವು. ನಿಂತು ನೋಡೋರು.

ನಮ್ಮ ರಾಜ್ಯದಲ್ಲಿ ಈ ಮಾತು ಜೋರಾಗಿದ್ದು 2016ರಲ್ಲಿ. ಆ ವರ್ಷ ಫೆಬ್ರುವರಿ 16ರಂದು ನೆಲಮಂಗಲದ ಬಳಿ, ತುಮಕೂರು ಹೆದ್ದಾರಿಯಲ್ಲಿ, ಹರೀಶ್ ನಂಜಪ್ಪ ಅನ್ನೋ ಯುವಕನ ಬೈಕಿಗೆ ಲಾರಿ ಬಡಿಯಿತು. ಗುಬ್ಬಿ ಕಡೆಯವರು. ಊರಿಗೆ ಹೋಗಿ ಬೆಂಗಳೂರಿಗೆ ವಾಪಸ್ ಬರ್ತಿದ್ದರು. ದೇಹ ಎರಡು ತುಂಡಾಗಿತ್ತು. ಆ ಸ್ಥಿತಿಯಲ್ಲೂ ನನ್ನ ಅಂಗಾಂಗ ದಾನ ಮಾಡಿ ಅಂತ ಅವರು ಕೇಳಿಕೊಂಡರು. ಕಣ್ಣುಗಳನ್ನ ದಾನ ಮಾಡಲಾಯಿತು. ಕುದೂರಿಂದ ಅಲ್ಲಿಗೆ ಒಂದು ಗಂಟೆಯೊಳಗಿನ ದಾರಿ. ನಾನಾಗ ಬಿಕಾಂ ಓದ್ತಿದ್ದೆ. ಕಾಲೇಜ್ ಬಸ್ಸಿನಲ್ಲಿ ಒಂದು ವಾರ ಅದೇ ಮಾತು.

ಮೂರು ವಾರದಲ್ಲಿ, ಮಾರ್ಚ್ 8ಕ್ಕೆ, ರಾಜ್ಯ ಸರ್ಕಾರ ಅವರ ಹೆಸರಲ್ಲೇ 'ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ' ತಂದಿತು. ಅಪಘಾತವಾದ ಮೊದಲ 48 ಗಂಟೆ, 25,000 ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಅದೇ ತಿಂಗಳು 30ಕ್ಕೆ ಸುಪ್ರೀಂ ಕೋರ್ಟ್, ಸೇವ್‌ಲೈಫ್ ಫೌಂಡೇಶನ್ ಹಾಕಿದ್ದ ಕೇಸಿನಲ್ಲಿ, ಸಹಾಯ ಮಾಡಿದವರನ್ನ ಪೊಲೀಸರು, ಆಸ್ಪತ್ರೆಯವರು ಸತಾಯಿಸಬಾರದು ಅನ್ನೋ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ಆಮೇಲೆ ಕರ್ನಾಟಕ ತನ್ನದೇ ಕಾಯ್ದೆ ಮಾಡಿತು. ಪರೋಪಕಾರಿಗಳನ್ನೂ ತುರ್ತು ಚಿಕಿತ್ಸೆ ಕೊಡೋ ವೈದ್ಯರನ್ನೂ ರಕ್ಷಿಸೋ 2016ರ ಕಾಯ್ದೆ. 2018ರಲ್ಲಿ ಅದಕ್ಕೆ ರಾಷ್ಟ್ರಪತಿ ಅಂಕಿತ ಬಿತ್ತು. ಇಂಥ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮದು. ಆಸ್ಪತ್ರೆಗೆ ಸೇರಿಸಿದ ತಕ್ಷಣ ನೀವು ಹೊರಡಬಹುದು, ಸ್ಟೇಷನ್ನು ಕೋರ್ಟು ಅಂತ ಪದೇ ಪದೇ ಅಲೆಸುವ ಹಾಗಿಲ್ಲ, ಹೋಗಲೇಬೇಕಾಗಿ ಬಂದ್ರೆ ಖರ್ಚು ಕೊಡೋಕೆ ಒಂದು ನಿಧಿ ಇರಬೇಕು ಅಂತೆಲ್ಲ ಅದರಲ್ಲಿದೆ.

ಇಲ್ಲಿ ಒಂದು ವಿಷಯ ಗಮನಿಸಿ. ನಾನು ಕಾಮರ್ಸ್ ಓದಿದವನು, ನನಗೆ ಎಲ್ಲಾ ಜಮಾ-ಖರ್ಚಿನಲ್ಲೇ ಅರ್ಥ ಆಗೋದು. ಬಿದ್ದವನನ್ನ ಎತ್ತಿದ್ರೆ ಖರ್ಚೆಲ್ಲ ಎತ್ತಿದವನದ್ದು. ಸೀಟಿಗೆ ರಕ್ತ, ಒಂದು ದಿನದ ಕೂಲಿ, ಸ್ಟೇಷನ್ ಬೆಂಚು, "ಗುದ್ದಿದ್ದು ನೀನೇನಾ?" ಅನ್ನೋ ಪ್ರಶ್ನೆ. ಲಾಭ ಪೂರ್ತಿ ಇನ್ನೊಬ್ಬನದ್ದು. ಇದನ್ನ ಸರಿ ಮಾಡೋಕೆ ಎರಡು ದಾರಿ. ಎತ್ತದೆ ಹೋದವನ ಖರ್ಚು ಜಾಸ್ತಿ ಮಾಡೋದು, ಅಂದ್ರೆ ಶಿಕ್ಷೆ. ಇಲ್ಲವೇ ಎತ್ತಿದವನ ಖರ್ಚು ಕಮ್ಮಿ ಮಾಡೋದು. ಕರ್ನಾಟಕ ಹಿಡಿದದ್ದು ಎರಡನೇ ದಾರಿ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಸೇರಿಸಿ ಕೇಂದ್ರವೂ ಅದನ್ನೇ ಮಾಡಿತು.

ಇದರ ನಡುವೆಯೇ, 2017ರ ಫೆಬ್ರುವರಿಯಲ್ಲಿ ಕೊಪ್ಪಳದಲ್ಲಿ ಸೈಕಲ್‌ನಲ್ಲಿ ಹೋಗ್ತಿದ್ದ ಹದಿಹರೆಯದ ಹುಡುಗನಿಗೆ ಸರ್ಕಾರಿ ಬಸ್ ಬಡಿಯಿತು. ಆತ ರಸ್ತೆಯಲ್ಲಿ ಬಿದ್ದು ಸಹಾಯ ಮಾಡಿ ಅಂತ ಕೇಳ್ತಿದ್ದ. ಸುತ್ತ ನಿಂತವರು ಫೋಟೊ, ವಿಡಿಯೊ ತೆಗೆದರು. ಆಸ್ಪತ್ರೆ ಸೇರೋಷ್ಟರಲ್ಲಿ ತಡವಾಗಿತ್ತು. ಹುಡುಗ ಉಳಿಯಲಿಲ್ಲ. ಆ ವಿಡಿಯೊ ನನ್ನ ಫೋನಿಗೂ ಬಂದಿತ್ತು, ಎರಡು ಗ್ರೂಪಿನಿಂದ. ಆಗ ನಾನು ವಿಡಿಯೊ ತೆಗೆದವರಿಗೆ ಬೈದು ಸ್ಟೇಟಸ್ ಹಾಕಿದ್ದೆ. ಹೌದು, ನಾನೇ.

ಕೊಪ್ಪಳದ ಸುದ್ದಿ ಓದಿದ ಯಾರಿಗಾದ್ರೂ ಶಿಕ್ಷೆ ಬೇಕು ಅನ್ಸುತ್ತೆ. ಶಿಕ್ಷೆ ಇರೋ ದೇಶಗಳೂ ಇವೆ. ಫ್ರಾನ್ಸ್‌ನಲ್ಲಿ, ನಿಮಗಾಗಲಿ ಇತರರಿಗಾಗಲಿ ಅಪಾಯ ಇಲ್ಲದಿದ್ದಾಗಲೂ ಸಹಾಯ ಮಾಡದಿದ್ರೆ ಐದು ವರ್ಷದವರೆಗೆ ಜೈಲು, 75,000 ಯೂರೊವರೆಗೆ ದಂಡ. ಜರ್ಮನಿಯಲ್ಲಿ ಒಂದು ವರ್ಷದವರೆಗೆ ಜೈಲು ಅಥವಾ ದಂಡ. ಅಲ್ಲಿನ ಎಸ್ಸೆನ್ ನಗರದಲ್ಲಿ 2016ರ ಅಕ್ಟೋಬರ್‌ನಲ್ಲಿ ಬ್ಯಾಂಕಿನ ಎಟಿಎಂ ಕೋಣೆಯಲ್ಲಿ 83 ವರ್ಷದ ಹಿರಿಯರೊಬ್ಬರು ಕುಸಿದು ಬಿದ್ದರು. ಒಬ್ಬರಾದ ಮೇಲೆ ಒಬ್ಬರು ಬಂದರು, ಅವರನ್ನ ದಾಟಿ, ಸುತ್ತಿಕೊಂಡು ಹೋಗಿ ತಮ್ಮ ಕೆಲಸ ಮುಗಿಸಿಕೊಂಡು ಹೊರಟರು. ಕೊನೆಗೊಬ್ಬರು ಫೋನ್ ಮಾಡಿದರು. ಹಿರಿಯರು ಆಮೇಲೆ ತೀರಿಕೊಂಡರು. ಮರುವರ್ಷ ಕೋರ್ಟು ಮೂವರಿಗೆ 2,400, 2,800, 3,600 ಯೂರೊ ದಂಡ ಹಾಕಿತು. ಮನೆಯಿಲ್ಲದವರು ಯಾರೋ ಮಲಗಿದ್ದಾರೆ ಅಂದ್ಕೊಂಡ್ವಿ ಅಂತ ಅವರ ವಾದ. ಕೋರ್ಟು ಒಪ್ಪಲಿಲ್ಲ.

ಇದನ್ನ ಓದಿ ಮೊದಲು ನಂಗೆ ಸಮಾಧಾನ ಆಯ್ತು. ಆಮೇಲೆ ಒಂದು ಪ್ರಶ್ನೆ. ಆ ಮೂವರು ಸಿಕ್ಕಿಬಿದ್ದಿದ್ದು ಹೇಗೆ? ಬ್ಯಾಂಕಿನ ಒಳಗೆ ಕ್ಯಾಮೆರಾ ಇತ್ತು. ನಮ್ಮ ತಿರುವಿನಲ್ಲಿ ಏನಿತ್ತು?

ಈ ಪ್ರಶ್ನೆ ಇಟ್ಟುಕೊಂಡು ಹೆದ್ದಾರಿ ಕ್ರಾಸಿನಲ್ಲಿ ಟೀ ಅಂಗಡಿ ಇಟ್ಟಿರೋ ಅಕ್ಕನ ಹತ್ರ ಹೋದೆ. ಹತ್ತು ಹನ್ನೆರಡು ವರ್ಷದಿಂದ ಅಲ್ಲಿದ್ದಾರೆ. ಎಷ್ಟು ಅಪಘಾತ ನೋಡಿದ್ದಾರೋ ಅವರಿಗೇ ಲೆಕ್ಕ ಇಲ್ಲ. ಭಾನುವಾರ ಬೆಳಗ್ಗೆ ಭೈರವನದುರ್ಗ ಹತ್ತೋಕೆ ಬೆಂಗಳೂರಿಂದ ಬೈಕಲ್ಲಿ ಬರೋ ಹುಡುಗರು ಬಿದ್ದರೂ ಮೊದಲು ಓಡೋದು ಅವರೇ. ಸಹಾಯ ಮಾಡದೋರಿಗೆ ಶಿಕ್ಷೆ ಅಂತ ಕಾನೂನು ಬಂದ್ರೆ ಹೇಗಕ್ಕ ಅಂತ ಕೇಳಿದೆ. ರೆಕಾರ್ಡ್ ಮಾಡಿದ್ದೀನಿ, ಅವರ ಮಾತಲ್ಲೇ ಕೇಳಿ:

"ಬಿದ್ದೋರ್ನ ನಾವು ಎತ್ತಿ ಕೂರುಸ್ತೀವಿ ಕಣಪ್ಪ, ಪೋನೂ ಮಾಡ್ತೀವಿ. ಆಸ್ಪತ್ರೆಗೂ ಬಾ ಅಂದ್ರೆ ಅಂಗ್ಡಿ ಯಾರ್ ನೋಡ್ಕಂತಾರೆ? ಕಾರ್ನೋರು ಗಾಜೂ ಇಳ್ಸಲ್ಲ, ಸುಯ್ ಅಂತ ಹೊಂಟೋಯ್ತಾರೆ. ನೀನ್ ಹೇಳೋ ಕಾನೂನ್ ಬಂದ್ರೆ ಪೋಲೀಸ್ನೋರು ಯಾರ್ನ ಹಿಡೀತಾರೆ ಹೇಳು, ಹೊಂಟೋದ ಕಾರ್ನೋ, ಇಲ್ಲೇ ಇರೋ ನನ್ನೋ?"

ನನ್ನ ಹತ್ರ ಇದಕ್ಕೆ ಉತ್ತರ ಇರಲಿಲ್ಲ. ಇದನ್ನೇ ಆಮೇಲೆ ಬೇರೆ ಬೇರೆ ಕಡೆಯಿಂದ ಯೋಚಿಸಿದೆ. ನಿಲ್ಲಿಸದೆ ಹೋದವನಿಗೆ ಮುಖ ಇಲ್ಲ, ನಂಬರ್ ಪ್ಲೇಟ್ ಇಲ್ಲ. ನಿಂತವನಿಗೆ ಎರಡೂ ಇದೆ. ಶಿಕ್ಷೆಯ ಕಾನೂನು ಮೊದಲು ಮುಟ್ಟೋದು ನಿಂತು, ಆದರೆ ಸಾಕಾಗುವಷ್ಟು ಮಾಡದವರನ್ನ. ಟೀ ಅಂಗಡಿಯವರು, ಪಂಕ್ಚರ್ ಅಂಗಡಿಯವರು, ಆಟೊ ಸ್ಟ್ಯಾಂಡಿನವರು. ಇನ್ನೊಂದು ತೊಡಕು ಸಾಕ್ಷಿಯದ್ದು. ಹತ್ತು ನಿಮಿಷ ಸುಮ್ಮನೆ ನಿಂತಿದ್ದವನು ಆಮೇಲೆ ಪೊಲೀಸರಿಗೆ "ಲಾರಿ ನಂಬರ್ ನೋಡಿದ್ದೀನಿ" ಅಂತ ಹೇಳಬೇಕಾದ್ರೆ, "ನಾನಲ್ಲೇ ಇದ್ದೆ, ಏನೂ ಮಾಡಲಿಲ್ಲ" ಅಂತಲೂ ಒಪ್ಪಿಕೊಳ್ಳಬೇಕಾಗುತ್ತೆ. ಅದೇ ಅಪರಾಧ ಆದ್ರೆ ಯಾರು ಬಾಯಿ ಬಿಡ್ತಾರೆ? ಹಾಲಿನ ಟೆಂಪೊದವರು ಬರೋ ತನಕ ನಿಂತಿದ್ದ ಐದಾರು ಜನ ಆ ರಾತ್ರಿ ಊರಲ್ಲಿ ಇರಲೇ ಇಲ್ಲ ಅಂತ ಹೇಳ್ತಿದ್ರು. ನಾನಂತೂ ಈ ಮೈಕಿನ ಮುಂದೆ ಕೂತು ಇದನ್ನ ಹೇಳ್ತಿರಲಿಲ್ಲ.

ಎತ್ತೋದು ಯಾವಾಗಲೂ ಸಹಾಯವೂ ಅಲ್ಲ. ಬೆನ್ನುಮೂಳೆಗೆ ಪೆಟ್ಟು ಬಿದ್ದವರನ್ನ ನಾಲ್ಕು ಜನ ಕೈಕಾಲು ಹಿಡಿದು ಆಟೊದಲ್ಲಿ ಮಡಚಿ ಕೂರಿಸಿದ್ರೆ, ಬದುಕಿದರೂ ನಡೆಯೋಕಾಗದ ಹಾಗೆ ಆಗಬಹುದು. ಬೆಂಕಿಯೋ ಮತ್ತೊಂದು ಗಾಡಿ ಗುದ್ದೋ ಅಪಾಯವೋ ಇಲ್ಲದಿದ್ರೆ ಅಲ್ಲಾಡಿಸದೆ ಫೋನ್ ಮಾಡಿ, ರಕ್ತ ಸೋರೋ ಜಾಗವನ್ನ ಬಟ್ಟೆಯಿಂದ ಒತ್ತಿ ಹಿಡಿದು, ಹಿಂದೆ ಬರೋ ಗಾಡಿಗಳಿಗೆ ಕೈ ತೋರಿಸೋದೇ ವಾಸಿ. "ಸಹಾಯ ಮಾಡಲೇಬೇಕು" ಅಂತ ಕಾನೂನು ಬರೆದ್ರೆ ಯಾವ ಸಹಾಯ ಅಂತಲೂ ಬರೆಯಬೇಕಾಗುತ್ತೆ.

ಹಾಗಾದ್ರೆ ಏನೂ ಬೇಡವಾ? ಇಲ್ಲಿ ನನಗೆ ದಾರಿ ತೋರಿಸಿದ್ದು ಬೇರೆಯೇ ಒಂದು ಕಾನೂನು, ಪೋಕ್ಸೊ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ರೆ ಆರು ತಿಂಗಳವರೆಗೆ ಜೈಲು ಆಗಬಹುದು. ಮಗುವಿನ ಸಂಬಂಧಿಕರೇ ಆಗಬೇಕಿಲ್ಲ, ಗೊತ್ತಿರೋ ಯಾರಿಗಾದ್ರೂ ಅನ್ವಯ. ಅಂದ್ರೆ ಸುಮ್ಮನಿರೋದನ್ನ ಶಿಕ್ಷಿಸೋ ಕಾನೂನು ನಮ್ಮ ದೇಶದಲ್ಲಿ ಈಗಾಗಲೇ ಇದೆ. ಆದರೆ ಅದು ನಡುವೆ ಬಿದ್ದು ಕಾಪಾಡು ಅನ್ನಲ್ಲ, ತಿಳಿಸು ಅನ್ನುತ್ತೆ. ಒಳ್ಳೆ ಉದ್ದೇಶದಿಂದ ತಿಳಿಸಿದವರಿಗೆ ರಕ್ಷಣೆಯನ್ನೂ ಅದೇ ಸೆಕ್ಷನ್ ಕೊಡುತ್ತೆ. ಮೆಕಾಲೆಯ ಗೆರೆಯ ತಕರಾರು ಇಲ್ಲಿ ನಿಲ್ಲಲ್ಲ. ಫೋನ್ ಮಾಡೋಕೆ ಮೀರತ್‌ಗೆ ಹೋಗಬೇಕಿಲ್ಲ.

ನಾನು ಬಂದು ನಿಂತಿರೋದು ಇಲ್ಲಿ. ಎತ್ತು, ಸಾಗಿಸು ಅನ್ನೋ ಬಲವಂತ ಬೇಡ. 108ಕ್ಕೋ 112ಕ್ಕೋ ಒಂದು ಕರೆ ಮಾಡೋದು ಕರ್ತವ್ಯ ಅಂತ ಬರೆಯಲಿ, ತಪ್ಪಿದವರಿಗೆ ಜೈಲು ಬೇಡ, ಸಣ್ಣ ದಂಡ ಸಾಕು. ಸಹಾಯಕ್ಕೆ ಬರೋರಿಗೆ ಅಡ್ಡ ನಿಂತರೆ ಅದನ್ನ ಮಾತ್ರ ಗಟ್ಟಿಯಾಗಿ ಶಿಕ್ಷಿಸಲಿ. ಜರ್ಮನಿ 2017ರಲ್ಲಿ ಅದನ್ನ ತನ್ನ ಕಾನೂನಿಗೆ ಸೇರಿಸಿತು. ದಂಡ ಎಷ್ಟು ಜನರ ಮೇಲೆ ಬೀಳುತ್ತೆ? ಹೆಚ್ಚು ಜನರ ಮೇಲಲ್ಲ, ಅಕ್ಕ ಹೇಳಿದ ಕಾರಣಕ್ಕೇ. ಆದ್ರೂ ಯಾಕೆ ಬೇಕು ಅಂದ್ರೆ, ಗುಂಪಿನಲ್ಲಿ ನಿಂತಾಗ ನಮ್ಮ ತಲೆ ಹೇಗೆ ಓಡುತ್ತೆ ಅನ್ನೋದಕ್ಕೆ ಹಳೆಯ ಪ್ರಯೋಗ ಒಂದಿದೆ.

1968ರಲ್ಲಿ ಅಮೆರಿಕದ ಡಾರ್ಲಿ ಮತ್ತು ಲಟಾನೆ ಅನ್ನೋ ಮನಃಶಾಸ್ತ್ರಜ್ಞರು ಪ್ರಕಟಿಸಿದ್ದು. ವಿದ್ಯಾರ್ಥಿಗಳನ್ನ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಇಂಟರ್‌ಕಾಮ್‌ನಲ್ಲಿ ಮಾತಾಡಿಸಿದರು. ನಡುವೆ ಒಬ್ಬನಿಗೆ ಫಿಟ್ಸ್ ಬಂದ ಹಾಗೆ ಧ್ವನಿ. ಅದು ಮೊದಲೇ ರೆಕಾರ್ಡ್ ಮಾಡಿದ್ದು. ಕೇಳಿಸ್ಕೊಳ್ತಿರೋದು ತಾನೊಬ್ಬನೇ ಅಂದ್ಕೊಂಡವರಲ್ಲಿ ಶೇ 85 ಜನ ಎದ್ದು ಹೋಗಿ ತಿಳಿಸಿದರು. ಇನ್ನೂ ನಾಲ್ವರು ಕೇಳ್ತಿದ್ದಾರೆ ಅಂದ್ಕೊಂಡವರಲ್ಲಿ ಶೇ 31 ಮಾತ್ರ. ಅವರೇನೂ ಕಲ್ಲುಹೃದಯದವರಲ್ಲ, ಕೈ ನಡುಗ್ತಿತ್ತಂತೆ. ನಮ್ಮ ತಿರುವಿನ ಐದಾರು ಜನಕ್ಕೂ ನನಗೂ ಆಗಿದ್ದು ಇದೇ. 'ಕರೆ ಎಲ್ಲರ ಕರ್ತವ್ಯ, ಮಾಡಿದ್ದಾರಾ ಅಂತ ಕೇಳೋದೂ ಸೇರಿ' ಅಂತ ಶಾಲೆಯಿಂದಲೇ ಕಿವಿಗೆ ಬಿದ್ದಿದ್ರೆ, ಆ ಹತ್ತು ಸೆಕೆಂಡಿನಲ್ಲಿ ಒಂದು ಪ್ರಶ್ನೆಯಾದ್ರೂ ಬಾಯಿಂದ ಬರ್ತಿತ್ತೇನೋ.

ಆದರೆ ಹೊಸ ಕಾನೂನಿಗೆ ಮೊದಲು, ಇರೋ ಕಾನೂನು ಗೊತ್ತಾಗಬೇಕು. ಸೇವ್‌ಲೈಫ್ ಫೌಂಡೇಶನ್ 2018ರಲ್ಲಿ ದೇಶದ ಹಲವು ನಗರಗಳಲ್ಲಿ ಕೇಳಿದಾಗ ಶೇ 84 ಜನಕ್ಕೆ ಇಂಥ ರಕ್ಷಣೆ ಇದೆ ಅಂತಲೇ ಗೊತ್ತಿರಲಿಲ್ಲ. ಬಿಸಿನೆಸ್ ಲಾ ಪೇಪರ್ ಪಾಸ್ ಮಾಡಿದ ನನಗೂ ಆ ರಾತ್ರಿ ಗೊತ್ತಿರಲಿಲ್ಲ. ಹಾಗಾಗಿ ಇದನ್ನ ನಿಧಾನಕ್ಕೆ ಹೇಳ್ತೀನಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. 2020ರ ಕೇಂದ್ರ ನಿಯಮಗಳ ಪ್ರಕಾರ, ಸಹಾಯ ಮಾಡಿದ ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್ ಕೊಡಲೇಬೇಕು ಅಂತ ಯಾವ ಪೊಲೀಸರೂ ಒತ್ತಾಯ ಮಾಡುವ ಹಾಗಿಲ್ಲ. ಇಷ್ಟ ಇದ್ರೆ ಕೊಡಬಹುದು. ಸಾಕ್ಷಿ ಹೇಳೋಕೆ ನೀವಾಗೇ ಒಪ್ಪಿದ್ರೆ ಪೊಲೀಸರು ನಿಮ್ಮ ಮನೆಗೋ ಕೆಲಸದ ಜಾಗಕ್ಕೋ ಬಂದು ಕೇಳಬೇಕು, ಅದೂ ಖಾಕಿ ಹಾಕದೆ. ಸಹಾಯ ಮಾಡುವಾಗ ಏನಾದರೂ ಹೆಚ್ಚುಕಮ್ಮಿ ಆದರೂ ನಿಮ್ಮ ಮೇಲೆ ಕೇಸ್ ನಿಲ್ಲಲ್ಲ. ಈ ಹಕ್ಕುಗಳ ಬೋರ್ಡನ್ನ ಪ್ರತಿ ಆಸ್ಪತ್ರೆಯೂ ಬಾಗಿಲ ಹತ್ರ ಸ್ಥಳೀಯ ಭಾಷೆಯಲ್ಲೂ ಹಾಕಬೇಕು. ಗಾಯಾಳುವಿನ ಖರ್ಚಿಗೆ 2025ರ ಮೇ ತಿಂಗಳಿಂದ ಕೇಂದ್ರದ ಯೋಜನೆಯಿದೆ, ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ. ಸಕಾಲಕ್ಕೆ ಆಸ್ಪತ್ರೆ ಸೇರಿಸಿದವರಿಗೆ ಕೇಂದ್ರ ಸರ್ಕಾರದ ಬಹುಮಾನವೂ ಇದೆ, ಮೊದಲು 5,000 ಇತ್ತು, 2025ರಲ್ಲಿ 25,000 ಮಾಡಿದರು. ತಮಾಷೆ ಅಂದ್ರೆ, ಬಹುಮಾನದ ಆಸೆಯಿಲ್ಲದೆ ಸಹಾಯ ಮಾಡಿದವರನ್ನೇ ಕಾನೂನು ಪರೋಪಕಾರಿ ಅಂತ ಕರೆಯೋದು.

ಆ ಬೋರ್ಡ್ ಹುಡುಕಿಕೊಂಡು ಮೂರು ಆಸ್ಪತ್ರೆಗೆ ಹೋದೆ. ಹೆಸರು ಬೇಡ. ಒಂದರಲ್ಲಿತ್ತು, ಇಂಗ್ಲಿಷ್‌ನಲ್ಲಿ, ಕ್ಯಾಲೆಂಡರ್ ಹಿಂದೆ. ಇನ್ನೊಂದರಲ್ಲಿ ರಿಸೆಪ್ಷನ್‌ನವರು ವಿಸಿಟಿಂಗ್ ಅವರ್ಸ್ ಬೋರ್ಡ್ ತೋರಿಸಿದರು. ಮೂರನೆಯದರಲ್ಲಿ ಸೆಕ್ಯುರಿಟಿ ಅಣ್ಣ, "ಯಾಕ್ ಸಾರ್, ನೀವ್ ಲಾಯರ್ರಾ?" ಅಂದ್ರು.

ರೆಕಾರ್ಡಿಂಗ್‌ಗೆ ಕೂರೋ ಹಿಂದಿನ ದಿನ ಸೊಪ್ಪಿನವರ ಹತ್ರ ಹೋದೆ. ಅವರಿಗೆ ಹೇಳದೆ ನಿಮಗೆ ಹೇಳೋದು ಸರಿ ಅನ್ಸಲಿಲ್ಲ. ದಂಟಿನ ಸೊಪ್ಪು ಎರಡು ಕಟ್ಟು ತಗೊಂಡು, ದುಡ್ಡು ಕೊಟ್ಟು, ಅಲ್ಲೇ ನಿಂತೆ. "ಯಜಮಾನ್ರೇ, ಅವತ್ತು ರಾತ್ರಿ ನಾನೂ ಆ ದಾರೀಲಿ ಬಂದಿದ್ದೆ. ನೋಡಿ ಹೋಗ್ಬಿಟ್ಟೆ. ಫೋನ್ ಮಾಡ್ಲಿಲ್ಲ" ಅಂದೆ. ಅವರು ಸೊಪ್ಪಿಗೆ ನೀರು ಚಿಮುಕಿಸ್ತಿದ್ದ ಕೈ ನಿಲ್ಲಿಸಿ ಒಂದು ಗಳಿಗೆ ನನ್ನನ್ನೇ ನೋಡಿದರು. ಬೈತಾರೆ ಅಂದ್ಕೊಂಡೆ.

"ಹಂಗಾದ್ರೆ ನೀನ್ ನೋಡಿರ್ತೀಯ" ಅಂದ್ರು. "ನನ್ ರಾಗಿ ಮೂಟೆ ಯಾರ್ ಎತ್ಕಂಡೋದ್ರು ಕಣಪ್ಪ?"

ಮೂಟೆ ನೋಡಿದ್ದು ನೆನಪಿದೆ ಅಂದೆ. ನಾನು ಹೊರಡುವಾಗ ಅದು ಅಲ್ಲೇ ಇತ್ತು.